ಅವ್ವ ಕೇಳದೆ ಉಂಡ ಊಟ

ಸರ್ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದ ಪುಣೆಯ ಕನ್ನಡ ಸಂಘದ ಕಾರ್ಯದರ್ಶಿ, "ರವಿವಾರ ಶ್ರದ್ಧಾಂಜಲಿ ಸಭಾ ಇಟ್ಟೀವಿ. ನೀ ಬಂದು ಮಾತಾಡಬೇಕವಾ. ಅವರು ತಯಾರು ಮಾಡಿದ ಹುಡುಗ್ಯಾರಾಗ ನೀನ ಮುಂದಿನಾಕಿ" ಎಂದರು.

"ಪರವಾಗಿ ಮಾತಾಡ್ಲೋ, ವಿರೋಧವಾಗಿಯೋ?" ಎಂದು ಕೇಳಿದೆ.

ಅವರು ನಗಲಿಲ್ಲ. ನಾನೂ ನಗಿಸಲು ಕೇಳಿದ್ದಲ್ಲ. ಬಾಯಿ ತೆರೆಯುವ ಮೊದಲು ಯಾವ ಕಡೆ ನಿಂತಿದ್ದೀ ಎಂದು ತಿಳಿದುಕೋ ಎಂಬುದನ್ನು ನನಗೆ ಕಲಿಸಿದವರೇ ಸರ್. ಶ್ರದ್ಧಾಂಜಲಿ ಸಭೆಯಲ್ಲಿ ಒಂದೇ ಕಡೆಗೆ ಅವಕಾಶ. ಹಾಗಾಗಿ ಅಲ್ಲಿಗೆ ಹೋಗುವುದಿಲ್ಲ ಎಂದೆ. ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತೇನೆ. ಹೆಸರು ಹಾಕುವುದಿಲ್ಲ. ಅವರನ್ನು ಬಲ್ಲವರಿಗೆ ಹೆಸರು ಬೇಕಾಗಿಲ್ಲ, ಉಳಿದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಮೊದಲು ಅವರ ಪರವಾದ ಮಾತು. ಅದೂ ಅವರೇ ಹಾಕಿಕೊಟ್ಟ ಪದ್ಧತಿ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ತೋರಿಸು, ಆಮೇಲೆ ಕೆಡವು.

ನಮ್ಮದು ಯಾದಗಿರಿ ಕಡೆಯ ಮನೆತನ. ಅಪ್ಪ ಕಾರ್ಖಾನೆಯಲ್ಲಿ ಫಿಟರ್ ಕೆಲಸ ಹಿಡಿದು ಪುಣೆಗೆ ಬಂದವನು. ನಾನು ಹುಟ್ಟಿ ಬೆಳೆದದ್ದು ಬಿಬವೇವಾಡಿಯಲ್ಲಿ. ವಿಜಾಪುರ ಕಡೆಯವರಾದ ಸರ್ ನನ್ನ ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಕುಳ್ಳಗಿನ ಆಳು, ಅರ್ಧ ತೋಳಿನ ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಏಲಕ್ಕಿ ತುಂಬಿದ ಪುಟ್ಟ ತಗಡಿನ ಡಬ್ಬಿ. ಒಮ್ಮೆ ಭಾಷಣ ಸ್ಪರ್ಧೆಯಲ್ಲಿ ನಾನು ಮರಗಳ ಮಹತ್ವದ ಬಗ್ಗೆ ಬಾಯಿಪಾಠ ಮಾಡಿದ್ದನ್ನು ಗಡಗಡ ಒಪ್ಪಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಸರ್ ಕುಳಿತಲ್ಲಿಂದಲೇ, "ಚಲೋ ಹೇಳಿದಿ. ಕಡೀಕ ಯಾವ ಗಿಡಕ್ಕ ನೀರ ಹಾಕಿದಿ?" ಎಂದರು.

ಯಾವುದಕ್ಕೂ ಇಲ್ಲ ಎಂದೆ.

"ಹಂಗಾರ ಪುಸ್ತಕಾನ ವೇದಿಕಿ ಮ್ಯಾಲ ನಿಲ್ಲಿಸೂಣು. ನೀ ಕೆಳಗ ಕೂತು ಕೇಳು."

ಇಡೀ ಶಾಲೆ ನಕ್ಕಿತು. ಅಳು ಬರಬೇಕಿತ್ತು, ಬಂದದ್ದು ಮಾತು. "ಸರ್, ನೀವು ದಿನಾ ಕ್ವಾಟಿ-ಕೊತ್ತಲಗಳ ಪಾಠ ಹೇಳ್ತೀರಲ್ಲ, ನೀವು ಯಾವ ಕ್ವಾಟಿ ಗೆದ್ದೀರಿ?"

ಸರ್ ಎದ್ದು ಬಂದರು. ಹೊಡೆಯುತ್ತಾರೆ ಎಂದುಕೊಂಡು ನಾನು ಕೆನ್ನೆ ಗಟ್ಟಿ ಮಾಡಿಕೊಂಡೆ. ಅವರು ಡಬ್ಬಿ ತೆರೆದು ಒಂದು ಏಲಕ್ಕಿ ನನ್ನ ಅಂಗೈಯಲ್ಲಿಟ್ಟು, "ನಾಳಿಂದ ಸಂಜೀಕ ಸಂಘಕ್ಕ ಬಾ" ಎಂದರು.

ಸಂಘದ ಹಿಂದಿನ ಕೋಣೆಯಲ್ಲಿ ಚರ್ಚೆಯ ತರಗತಿ ನಡೆಯುತ್ತಿತ್ತು. ಮಾತಾಡಲು ನಿಲ್ಲುವ ಮೊದಲು ಸರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು. ಮುಗಿದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಅವರು ಗಡಿಯಾರ ಕಟ್ಟಿದರೆ ಎದುರಾಳಿ ಸತ್ತ ಎಂದು ನಾವು ಪಿಸುಗುಟ್ಟುತ್ತಿದ್ದೆವು. ಅವರ ಒಂದೇ ಪ್ರಶ್ನೆ, "ಆಧಾರ ಏನದ?" ಮಳೆ ಬರುತ್ತದೆ ಎಂದರೂ ಆಧಾರ, ತಲೆ ನೋಯುತ್ತದೆ ಎಂದರೂ ಆಧಾರ. ತರಗತಿಗೆ ತಡವಾಗಿ ಬಂದ ಹುಡುಗಿಯೊಬ್ಬಳು ಬಸ್ಸು ಕೆಟ್ಟಿತ್ತು ಎಂದಾಗ, "ಬಸ್ಸಿನ ಹೇಳಿಕಿ ತಗೊಂಡು ಬಾ" ಎಂದಿದ್ದರು.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು, ಅದನ್ನು ಮುಂದೆ ನಾನು ಅವರ ವಿರುದ್ಧವೇ ಬಳಸಲಿದ್ದೇನೆ. ಒಂದು ಬೇಸಿಗೆಯಲ್ಲಿ ನಮ್ಮ ಓಣಿಯ ತುದಿಯ ಬೇವಿನ ಮರದಿಂದ ಹಾಲಿನಂಥ ನೊರೆ ಸುರಿಯತೊಡಗಿತು. ಮರಕ್ಕೆ ಸೀರೆ ಉಡಿಸಿದರು, ಅರಿಶಿನ ಬಳಿದರು, ಜನ ಸಾಲುಗಟ್ಟಿದರು. ಅದು ಬರೀ ಮರದ ರಸ ಎಂದು ಸಾರಲು ನಾನು ಧಾವಿಸಿದೆ. ಬುಡದಲ್ಲಿ ಕುಳಿತಿದ್ದ ಮರಾಠಿ ಆಜಿಯೊಬ್ಬಳಿಗೆ ವಿಜ್ಞಾನ ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ಸರ್. "ಮೊದಲು ಚಪ್ಪಲಿ ಬಿಡು. ಆಮ್ಯಾಲ ಪ್ರಶ್ನಿ ಕೇಳು."

ತಾವೂ ಚಪ್ಪಲಿ ಬಿಟ್ಟು ಆಜಿಯ ಪಕ್ಕ ಕುಳಿತರು. ಅವಳು ಏನು ಬೇಡಿಕೊಂಡಳು ಎಂದು ಮರಾಠಿಯಲ್ಲಿ ವಿಚಾರಿಸಿದರು. ಮೊಮ್ಮಗನ ಕಾಲಿಗೆ ಏನೋ ಆಗಿತ್ತು. ಯಾವ ಆಸ್ಪತ್ರೆಗೆ ತೋರಿಸಿದ್ದೀರಿ ಎಂದು ಕೇಳಿ, ಇನ್ನೊಂದು ಕಡೆ ತೋರಿಸಿ ಎಂದು ಹೇಳಿ, ಕೊನೆಯಲ್ಲಿ ಮರದ ರಸದ ಮಾತು ತೆಗೆದರು. ಅದಿರಬಹುದಪ್ಪ, ಕೈ ಮುಗಿಯಲು ನಂದೇನು ಹೋಗುತ್ತದೆ ಎಂದಳು ಆಜಿ. "ಬರೋಬರ್ ಆಹೇ, ಆಜಿ" ಎಂದು ಅವಳ ಮಾತನ್ನು ಒಪ್ಪಿ ಸರ್ ನಕ್ಕರು. ಅವಳೂ ನಕ್ಕಳು. ಆ ದಿನ ನನಗೆ ಅವರು ಸೋತಂತೆ ಕಂಡಿತ್ತು. ಗೆಲುವೆಂದರೆ ಅದೇ ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ನನಗೆ ತಿಳಿಯುವ ಹೊತ್ತಿಗೆ ಅವರು ಅದನ್ನು ಮರೆತಿದ್ದರು.

ನಾನು ಕಾನೂನು ಓದುತ್ತೇನೆ ಎಂದಾಗ ಅಪ್ಪ ಒಪ್ಪಲಿಲ್ಲ. ಸರ್ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತು, "ನಿಮ್ಮ ಪರವಾಗಿನೂ ನಾನ ಮಾತಾಡ್ತೀನ್ರಿ. ನೀವು ಬರೇ ಕೇಳ್ರಿ" ಎಂದರು. ಮೊದಲು ಅಪ್ಪನ ವಾದ ಹೂಡಿದರು: ಹುಡುಗಿ, ಕೋರ್ಟು, ಗಂಡಸರ ನಡುವೆ ಓಡಾಟ, ಮದುವೆ. ಅಪ್ಪನಿಗೇ ಹೊಳೆಯದಿದ್ದ ಮಾತುಗಳು. ಅಪ್ಪ ಹಿಗ್ಗಿ, "ಹೌದ್ರಿ, ಹೌದ್ರಿ, ಅದನ ನಾ ಅಂದದ್ದು" ಎನ್ನುತ್ತಿದ್ದ. ಆಮೇಲೆ ಸರ್ ಆ ಕಡೆ ತಿರುಗಿ ಅವನ್ನೆಲ್ಲ ಒಂದೊಂದಾಗಿ ಉರುಳಿಸಿದರು. ಕೊನೆಗೆ ಅಪ್ಪ, "ಮಾಸ್ತರ, ನೀವ ನನ್ನ ಎಬ್ಬಿಸಿದ್ರಿ, ನೀವ ಕೆಡವಿದ್ರಿ. ನಾ ನಡುವ ಏನ ಮಾಡಿದೆ?" ಎಂದ. ನಾನು ಶಿವಾಜಿನಗರದ ಕಡೆ ಕಾಲೇಜಿಗೆ ಹೋಗತೊಡಗಿದ್ದು ಹೀಗೆ. ಇಂದು ಅಲ್ಲಿಯ ಕೋರ್ಟಿನಲ್ಲಿ ಕಪ್ಪು ಕೋಟು ಹಾಕಿ ನಿಂತಿದ್ದರೂ ಹೀಗೆಯೇ. ಇದನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ.

ಆದರೆ ಸರ್ ಅಂದರೆ ನನ್ನ ಸರ್ ಮಾತ್ರವಲ್ಲ, ಅವ್ವನ ಅಣ್ಣನೂ ಆಗಿದ್ದರು. ಅವ್ವನ ತವರು ದೂರ. ನಮ್ಮ ಕಡೆ ಪಂಚಮಿ ಎಂದರೆ ಅಣ್ಣ-ತಂಗಿಯರ ಹಬ್ಬ. ತವರಿನಿಂದ ಕರೆಯಲು ಯಾರೂ ಬಾರದ ಒಂದು ಪಂಚಮಿಗೆ ಅವ್ವ ಶೇಂಗಾ ಉಂಡಿ ಕಟ್ಟಿ ಸರ್‌ಗೆ ಕೊಟ್ಟು ಕಳಿಸಿದಳು. ಮರುದಿನ ಸರ್ ತಂಗಿಗೆ ಉಡುಗೊರೆಯೆಂದು ಒಂದು ಕುಪ್ಪಸದ ಬಟ್ಟೆಯ ಕಣ ಹಿಡಿದು ಬಂದರು. ಆಮೇಲೆ ಅದೇ ರೂಢಿಯಾಯಿತು. ಅವಳಿಗೆ ಅವರು ಅಣ್ಣಾರು, ಅವರಿಗೆ ಅವಳು ತಂಗಿ. ಸರ್ ಒಂಟಿ ಜೀವ. ವಾರಕ್ಕೊಮ್ಮೆಯಾದರೂ ನಮ್ಮಲ್ಲಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು. ನಮ್ಮ ಹಾಗೆ ಅವರೂ ಕೊರಳಿಗೆ ಲಿಂಗ ಕಟ್ಟುವ ಮನೆತನದವರೇ. ಒಮ್ಮೆ ಅವ್ವ ಅವರ ಬರಿಗೊರಳು ನೋಡಿ, "ಅಣ್ಣಾರ, ನಿಮ್ಮ ಕೊಳ್ಳಾಗಿಂದು?" ಎಂದಳು. "ತಗದೀನಿ ತಂಗೀ, ಭಾಳ ವರ್ಷಾತು" ಎಂದರು. ಅವ್ವ ಇನ್ನೊಂದು ರೊಟ್ಟಿ ಬಡಿಸಿದಳು. ಅಷ್ಟೇ. ನಾನು ಕಾಲೇಜು ಸೇರಿ ನನ್ನದನ್ನು ತೆಗೆದಿಟ್ಟಾಗಲೂ ಅವಳು ಮಾಡಿದ್ದು ಅಷ್ಟೇ.

ಅವಳ ಪದ್ಧತಿ ಮಾತ್ರ ಅವಳದು. ಏನು ತಿಂದರೂ ಮೊದಲು ಎದೆಯ ಮೇಲಿನ ಬೆಳ್ಳಿಯ ಕರಡಿಗೆಯ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, ಒಳಗಿನ ಲಿಂಗಕ್ಕೆ ತೋರಿಸಿ, ಆಮೇಲೆ ತನ್ನ ಬಾಯಿಗೆ. ಅವಳ ಪ್ರಕಾರ ಅವಳು ಯಾವಾಗಲೂ ಎರಡನೆಯ ಪಂಕ್ತಿಯವಳು. ಲೋಕದಲ್ಲಿ ಅವಳಿಗೆ ಎರಡು ಥರದ ಮನೆಗಳಿದ್ದವು, ಉಣ್ಣುವ ಮನೆ ಮತ್ತು ಉಣ್ಣದ ಮನೆ. ಉಣ್ಣದ ಮನೆಯಲ್ಲಿ ಬಾಳೆಹಣ್ಣು ತಿಂದು ಎದ್ದುಬರುತ್ತಿದ್ದಳು. ಉಣ್ಣುವ ಮನೆಯಲ್ಲಿ, ಇದರಲ್ಲಿ ಏನು ಹಾಕಿದ್ದೀರಿ ಎಂದು ಕೇಳುವುದು ಆ ಮನೆಯವರ ಮುಖಕ್ಕೆ ಹೊಡೆದಂತೆ ಎನ್ನುತ್ತಿದ್ದಳು. ಕೇಳುವವಳಾದರೆ ಅಲ್ಲಿ ಉಣ್ಣುವುದೇ ಬೇಡ. ಹೋಟೆಲುಗಳೆಲ್ಲವೂ ಉಣ್ಣದ ಮನೆಗಳೇ.

ನಾನು ಅಂತರ ಕಾಲೇಜು ಚರ್ಚಾ ಸ್ಪರ್ಧೆ ಗೆದ್ದಾಗ ಸರ್ ನಮ್ಮನ್ನೆಲ್ಲ ಊಟಕ್ಕೆ ಕರೆದದ್ದು ಹೋಟೆಲಿಗೆ, ಅದೂ ಜಪಾನಿ ಹೋಟೆಲಿಗೆ. ಅದು ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಕುಂದಾಪುರ ಕಡೆಯ ಮಾಲೀಕರು ಜಪಾನಿನ ಒಂದು ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಬಂದು, ತಮ್ಮ ಅಣ್ಣನ ಇಡ್ಲಿ ಹೋಟೆಲಿನ ಪಕ್ಕದ ಮಳಿಗೆಯಲ್ಲಿ ಜಪಾನಿ ಕರಿ ಮತ್ತು ಅನ್ನ ಶುರು ಮಾಡಿದ್ದರು. ಪುಣೆಯಲ್ಲಿ ಜಪಾನಿ ಭಾಷೆ ಕಲಿಯುವ ಹುಡುಗರು ಓಣಿಗೊಬ್ಬರು. ಕಾರ್ಖಾನೆಗಳಿಗೆ ಬರುವ ಜಪಾನಿ ಎಂಜಿನಿಯರರೂ ಹುಡುಕಿಕೊಂಡು ಬರುತ್ತಿದ್ದರು. ಸರ್ ಅಲ್ಲಿ ಕಾಯಂ ಗಿರಾಕಿ.

"ಅಣ್ಣಾರ, ನಾ ಹೊರಗ ಉಣ್ಣಂಗಿಲ್ಲ, ನಿಮಗ ಗೊತ್ತದಲ್ರಿ" ಎಂದಳು ಅವ್ವ. "ಬುತ್ತಿ ಕಟ್ಕೊಂಡು ಬರ್ತೀನಿ. ನೀವು ಉಣ್ರಿ, ನಾ ಬಾಜೂಕ ಕೂಡ್ತೀನಿ."

"ತಂಗೀ, ನನ್ನ ಮ್ಯಾಲ ಭರೋಸಾ ಅದನೋ ಇಲ್ಲೋ?"

"ಅದೇನ್ ಮಾತ್ರಿ."

"ಗಜ್ಜರಿ, ಬಟಾಟಿ, ಉಳ್ಳಾಗಡ್ಡಿ, ಅನ್ನ. ನಿಮ್ಮ ಅಡಿಗಿಮನ್ಯಾಗ ಇಲ್ಲದ್ದು ಯಾವುದದ ಇದರಾಗ?"

ಅವ್ವ ನಕ್ಕಳು. ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ಅವಳು ಹೋಟೆಲನ್ನು ನಂಬಲಿಲ್ಲ. ಅಣ್ಣಾರು ಎಲ್ಲಿ ಉಣ್ಣುತ್ತಾರೋ ಅದು ಉಣ್ಣುವ ಮನೆ ಎಂದು ತೀರ್ಮಾನಿಸಿದಳು.

ಹೋಟೆಲಿನ ಬಾಗಿಲಿಗೆ ಜಪಾನಿ ಪದ್ಧತಿಯ ನೀಲಿ ಬಟ್ಟೆ ಇಳಿಬಿಟ್ಟಿದ್ದರು, ಅರ್ಧ ಬಾಗಿಲಿಗಷ್ಟೇ ಬರುವಂಥದ್ದು, ನಡುವೆ ಸೀಳಿದ್ದು. "ಪರದಾ ಯಾಕ ಅರ್ಧಕ್ಕ ಕತ್ತರಿಸ್ಯಾರ? ಅರಿವಿ ಸಾಲಲಿಲ್ಲೇನು?" ಎಂದು ಅವ್ವ ಅದನ್ನು ಎತ್ತಿ ಹಿಡಿದು, ಬಗ್ಗಿ ಒಳಗೆ ಬಂದಳು. ಸರ್ ಭಾಳ ನಕ್ಕರು. ಬಟ್ಟಲುಗಳು ಬಂದವು. ಒಂದು ಕಡೆ ಅಂಟಂಟಾದ ಅಂಬೆಮೊಹರ್ ಅಕ್ಕಿಯ ಅನ್ನ, ಇನ್ನೊಂದು ಕಡೆ ಕಂದು ಬಣ್ಣದ ದಪ್ಪನೆಯ ಕರಿ, ಮೂಲೆಯಲ್ಲಿ ಬೀಟ್‌ರೂಟಿನ ಉಪ್ಪಿನಕಾಯಿ.

"ಝುಣಕದ ಕಡ್ಲಿಹಿಟ್ಟಿಗಿ ನೀರು ಜಾಸ್ತಿ ಆದಂಗ ಅದ" ಎಂದ ಅಪ್ಪ.

"ನಿಮಗ ಎಲ್ಲಾನೂ ಝುಣಕನ" ಎಂದಳು ಅವ್ವ.

ಮಾಲೀಕರು ಬಂದು ಸರ್ ಕಡೆ ಬಗ್ಗಿ, "ಅಮ್ಮನವರಿಗೆ ಬೇರೆ ಮಾಡಿ ಕೊಡ್ಲಾ ಸರ್? ಜಾಸ್ತಿ ಹೊತ್ತು ಆಗುದಿಲ್ಲ" ಎಂದರು.

"ಬ್ಯಾಡ್ರಿ. ಎಲ್ಲಾರಿಗೂ ಒಂದ."

"ಹೌದ್ರಿ, ನನ್ನ ಸಲುವಾಗಿ ಯಾಕ ತ್ರಾಸ. ಎಲ್ಲಾರ ಸಂಗಾಟ ನಂದೂ" ಎಂದಳು ಅವ್ವ, ಸಂಕೋಚದಿಂದ. ಖಾರ ಕಡಿಮೆ ಮಾಡುವ ಮಾತು ಎಂದು ನಾವೆಲ್ಲ ತಿಳಿದೆವು. ಮಾಲೀಕರು ಒಂದು ಗಳಿಗೆ ನಿಂತು ಒಳಗೆ ಹೋದರು.

ಅವ್ವ ಕರಡಿಗೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಅಪ್ಪ ಆಗಲೇ ಎರಡನೆಯ ತುತ್ತಿನಲ್ಲಿದ್ದ. ಸರ್ ಮಾತ್ರ ಚಮಚ ಹಿಡಿದು, ಅವಳು ಕಣ್ಣು ತೆರೆಯುವ ತನಕ ಅವಳನ್ನೇ ನೋಡುತ್ತ ಕಾದಿದ್ದರು. ಎಂಥ ಮರ್ಯಾದಸ್ಥ ಮನುಷ್ಯ ಎಂದುಕೊಂಡೆ.

"ಸಿಹಿನೂ ಅದ, ಖಾರನೂ ಅದ. ಮೆತ್ತಗದ. ಹಲ್ಲಿಲ್ದವ್ರಿಗಿ ಚಲೋ" ಎಂದಳು ಅವ್ವ. ಇನ್ನೊಂದಿಷ್ಟು ಹಾಕಿಸಿಕೊಂಡಳು. ಕೈ ತೊಳೆದು ಬಂದ ಮೇಲೆ ಸರ್ ಕೇಳಿದರು, "ತಂಗೀ, ಹ್ಯಾಂಗನಿಸ್ತು?"

"ಹೊಟ್ಟಿ ತಂಪಾತ್ರಿ ಅಣ್ಣಾರ."

"ಮನಸಿಗೆ?"

"ಮನಸಿಗೂ."

"ಮತ್ತೊಮ್ಮೆ ಬರೂಣೇನು?"

"ನೀವು ಕರದ್ರ ಬರ್ತೀನ್ರಿ."

ಅಕ್ಕರೆಯ ಮಾತು ಎಂದುಕೊಂಡು ಕೇಳಿದೆ. ಸಾಕ್ಷಿಯ ಹೇಳಿಕೆ ದಾಖಲಾಗುತ್ತಿದೆ ಎಂದು, ಕಾನೂನು ಓದುವ ನನಗೇ ಹೊಳೆಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಸಂಘದ ವಾರ್ಷಿಕೋತ್ಸವ. ಹಿರಿಯರ ಚರ್ಚೆಯ ವಿಷಯ 'ಮಡಿ ಮೈಲಿಗೆ ಮನಸ್ಸಿನ ಭ್ರಮೆ'. ಸರ್ ಪರ. ವಿರೋಧಕ್ಕೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು. ಅವರು ಆ ದಿನ ನಿಜಕ್ಕೂ ಚೆನ್ನಾಗಿ ಮಾತಾಡಿದರು. ನಂಬಿಕೆ ಅನ್ನುವುದು ತರ್ಕದಿಂದ ಅಳೆಯುವ ವಸ್ತುವಲ್ಲ ಎಂದು ಸಭೆಯನ್ನು ತಮ್ಮ ಕಡೆ ಎಳೆದುಕೊಂಡಿದ್ದರು. ಸರ್ ಸೋಲುತ್ತಾರೇನೋ ಅನಿಸಿತು. ಅವ್ವ ಅಣ್ಣಾರ ಮಾತು ಕೇಳಲೆಂದೇ ಬಂದು ನನ್ನ ಪಕ್ಕ ಕುಳಿತಿದ್ದಳು.

ಸರ್ ಎದ್ದರು. ಗಡಿಯಾರ ಬಿಚ್ಚಿ ಬೋರಲು ಹಾಕಿದರು.

"ನನಗ ತಂಗಿ ಇದ್ದಂಗ ಒಬ್ಬಾಕಿ ಹೆಣ್ಣುಮಗಳು ಇದ್ದಾಳ. ಹೆಸರು ಹೇಳೂದಿಲ್ಲ" ಎಂದು ಶುರು ಮಾಡಿದರು. ಅರ್ಧ ಪರದೆಯ ಕತೆ ಹೇಳಿದರು. ಸಭೆ ಗೊಳ್ಳೆಂದಿತು. ಅವ್ವ ನನಗೆ ಮೊಣಕೈ ತಿವಿದು, "ನಂದ ಹೇಳ್ಲತ್ತಾರ ನೋಡು" ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳೂ ನಗುತ್ತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು.

"ಆಕಿ ಎದಿ ಮ್ಯಾಲ ಕೈ ಇಟ್ಟು, ಕಣ್ಣು ಮುಚ್ಚಿ, ದೇವರಿಗೆ ತೋರಿಸಿ ಉಂಡಳು. ಮತ್ತೊಂದೀಟು ಹಾಕಿಸ್ಕೊಂಡಳು. ಹೊಟ್ಟಿ ತಂಪಾತು ಅಂದಳು, ಮನಸಿಗೂ ತಂಪಾತು ಅಂದಳು. ಆ ಕರಿ ಅಷ್ಟು ಮೆತ್ತಗ, ಅಷ್ಟು ದಪ್ಪ ಆಗೂದು ಯಾವುದರಿಂದ ಗೊತ್ತೇನ್ರಿ? ಪ್ರಾಣಿ ಕೊಬ್ಬಿನಿಂದ. ಆಕಿ ಹೊಟ್ಟಿ ತಕರಾರು ಮಾಡಲಿಲ್ಲ. ಆಕಿ ದೇವರೂ ಮಾಡಲಿಲ್ಲ. ಹಂಗಾರ ಮೈಲಿಗಿ ಎಲ್ಲಿತ್ತು ಹೇಳ್ರಿ?"

ಚಪ್ಪಾಳೆ ಬಿತ್ತು. ಬ್ಯಾಂಕ್ ಅಧಿಕಾರಿಗಳೂ ತಲೆದೂಗಿದರು. ಸರ್ ಗಡಿಯಾರ ಕಟ್ಟಿಕೊಂಡರು.

ಅವ್ವನ ಮೊಣಕೈ ಇನ್ನೂ ನನಗೆ ತಾಗಿಕೊಂಡೇ ಇತ್ತು. ಸೆರಗು ಬಾಯಿಂದ ಜಾರಿತ್ತು. ಅವಳ ಬಲಗೈ ಎದೆಯ ಕಡೆ ಏರಿ ಬಂತು, ಕರಡಿಗೆಯ ಹತ್ತಿರ ಬಂದು, ಅದನ್ನು ಮುಟ್ಟದೆ ನಿಂತಿತು. "ಮನೀಗ್ ಹೋಗೂಣು" ಎಂದಳು.

ಮನೆಯಲ್ಲಿ ಅಪ್ಪ ಎಲ್ಲ ಕೇಳಿ, "ಗೊತ್ತಿಲ್ಲದ ತಿಂದದ್ದಕ್ಕ ಪಾಪ ಇಲ್ಲ ಬಿಡು" ಎಂದ.

"ಪಾಪದ ಮಾತು ಯಾರಾಡ್ಲತ್ತಾರ?" ಎಂದಳು ಅವ್ವ. "ನಾ ಒಬ್ಬಾಕಿನ ತಿಂದಿದ್ರ ಹೋಗ್ಲಿ ಅಂತಿದ್ದೆ. ಮೊದಲ ಈ ಎದಿ ಮ್ಯಾಲಿನವಗ ಕೊಟ್ಟೀನಿ. ನನ್ನ ಕೈಲೆ."

ನಾನು ಸರ್ ಶಿಷ್ಯೆ. ವೇದಿಕೆಯ ಮಾತನ್ನು ಆಧಾರವಿಲ್ಲದೆ ನಂಬುವವಳಲ್ಲ. ಸಭೆ ಗೆಲ್ಲಲು ಹುಟ್ಟಿಸಿದ ಕತೆಯಾಗಿರಲಿ ಎಂಬ ಆಸೆಯೂ ಇತ್ತು. ಮರುದಿನ ಹೋಟೆಲಿಗೆ ಹೋಗಿ ಮಾಲೀಕರನ್ನು ಕೇಳಿದೆ. ಅವರು ಕೆಲಸ ನಿಲ್ಲಿಸಿ ಹೊರಗೆ ಬಂದರು. "ನಾನು ಸರ್ ಹತ್ರ ಸುರುವಿಗೇ ಹೇಳಿದ್ದೆ ಮಾರಾಯ್ರೆ. ಜಪಾನಿಂದ ಬರುವ ಮಸಾಲೆ ಗಟ್ಟಿಯಲ್ಲಿ ಕೊಬ್ಬು ಉಂಟು, ತಿನ್ನದವರಿಗೆ ನಾನು ಬೆಣ್ಣೆಯಲ್ಲಿ ಬೇರೆ ಮಾಡಿ ಕೊಡ್ತೇನೆ ಅಂತ. ಅದಕ್ಕೇ ಅಲ್ವಾ ಅವತ್ತು ಬೇರೆ ಮಾಡ್ಲಾ ಅಂತ ಕೇಳಿದ್ದು. ಅವರು ಬೇಡ ಅಂದ್ರು. ನಿಮಗೆಲ್ಲ ಗೊತ್ತುಂಟು ಅಂತ ನಾನು ಸುಮ್ಮನಾದೆ." "ಅಮ್ಮನವರಿಗೆ ಈಗ ಗೊತ್ತಾಯ್ತ?" ಎಂದರು. ಹೌದು ಎಂದೆ. ಅವರು ಭುಜದ ಮೇಲಿನ ಬಟ್ಟೆಯಿಂದ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

ಸಂಜೆ ಸಂಘದ ಹಿಂದಿನ ಕೋಣೆಯಲ್ಲಿ ಸರ್ ಒಬ್ಬರೇ ಇದ್ದರು.

"ಸುಳ್ಳು ಹೇಳಿದ್ರಿ ಸರ್."

"ಯಾವ ಸುಳ್ಳು? ಗಜ್ಜರಿ ಇತ್ತಿಲ್ಲೋ? ಬಟಾಟಿ ಇತ್ತಿಲ್ಲೋ?"

ಇಂಥ ಉತ್ತರವನ್ನು ಬೇರೆ ಯಾರಾದರೂ ಕೊಟ್ಟಿದ್ದರೆ ಅವರೇ ಅವನನ್ನು ತರಗತಿಯಿಂದ ಹೊರಗಟ್ಟುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಕೂಡಲೇ ದಾರಿ ಬದಲಿಸಿದರು. "ನೀ ಮೈಲಿಗಿ ನಂಬ್ತಿ ಏನು?"

"ಇಲ್ಲ."

"ಹಂಗಾರ ನಿನ್ನ ತಕರಾರು ಏನವಾ ವಕೀಲಮ್ಮ? ನಿಮ್ಮವ್ವಗ ಏನಾತು?"

"ಆಧಾರ ಇಲ್ಲದ ಏನೂ ನಂಬಬ್ಯಾಡ ಅಂತ ಕಲಿಸಿದ್ರಿ. ಅವ್ವನ ಹತ್ರ ಆಧಾರ ಇತ್ತು ಸರ್. ನೀವ ಇದ್ರಿ ಆಕಿಗಿ ಆಧಾರ."

ಅವರು ಮೇಜಿನ ಕಡೆ ನೋಡಿದರು. "ಮೊದಲ ಹೇಳಿ ಮಾಡಿದ್ರ ಪ್ರಯೋಗ ಎಲ್ಲಿ ಉಳೀತದ?"

"ಬೇವಿನ ಗಿಡದ ಬುಡಕ ನನ್ನ ಜಡಿ ಹಿಡಿದು ಏನಂದಿದ್ರಿ? ಆ ಆಜಿಗೆ ಮೋಸ ಮಾಡಿದ್ರೇನು ನೀವು? ಆಕಿ ಮುಂದ ಚಪ್ಪಲಿ ಬಿಟ್ರಿ. ನಮ್ಮವ್ವನ ಮುಂದ ಯಾಕ ಬಿಡಲಿಲ್ಲ?"

ಸರ್ ಡಬ್ಬಿ ತೆರೆದು ಏಲಕ್ಕಿ ಮುಂದೆ ಹಿಡಿದರು. ನಾನು ತೆಗೆದುಕೊಳ್ಳಲಿಲ್ಲ. "ಸಿಟ್ಟು ಇಳೀಲಿ, ಆಮ್ಯಾಲ ಮಾತಾಡೂಣು. ಸಿಟ್ಟಿನಾಗ ಮಾಡಿದ ವಾದಕ್ಕ ಅಂಕ ಇಲ್ಲ" ಎಂದರು. ತಪ್ಪಾಯಿತು ಎಂಬ ಒಂದು ಮಾತು ಬರುತ್ತದೆ ಎಂದು ನಾನು ಕಾದೆ. ಅವರು ಏಲಕ್ಕಿಯನ್ನು ತಮ್ಮ ಬಾಯಿಗೇ ಹಾಕಿಕೊಂಡರು.

ಪಂಚಮಿ ಬಂತು. ಅವ್ವ ಉಂಡಿ ಕಟ್ಟಿದಳು, ಕಳಿಸಲಿಲ್ಲ. ಸರ್ ತಾವಾಗಿಯೇ ಬಂದರು, ಕೈಯಲ್ಲಿ ಯಾವತ್ತಿನಂತೆ ಕುಪ್ಪಸದ ಕಣ. ನಾನು ಬಾಗಿಲಲ್ಲಿ ನಿಂತಿದ್ದೆ, ದಾರಿ ಬಿಡುವ ಮನಸ್ಸಿರಲಿಲ್ಲ. ಒಳಗಿನಿಂದ ಅವ್ವ, "ಬರ್ರಿ ಅಣ್ಣಾರ, ಕೂಡ್ರಿ" ಎಂದಳು. ತಾಟು ಹಾಕಿದಳು: ರೊಟ್ಟಿ, ಪುಂಡಿಪಲ್ಯ, ಎರಡು ಉಂಡಿ. ಸರ್ ನನ್ನ ಕಡೆ ನೋಡಿದರು. ನೋಡು, ಏನೂ ಆಗಿಲ್ಲ, ನಿನ್ನದೇ ಗದ್ದಲ ಎನ್ನುವ ನೋಟ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತೆತ್ತಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, "ಏನ ಹಾಕೀನಂತ ಕೇಳಲಿಲ್ರಿ?" ಎಂದಳು.

"ನಿಮ್ಮ ಕೈ ಅಡಿಗೀಗೆ ಕೇಳೂದೇನು ತಂಗೀ?"

"ನಾನೂ ಕೇಳಿದ್ದಿಲ್ರಿ."

ತುತ್ತು ತಾಟಿಗೂ ಬಾಯಿಗೂ ನಡುವೆ ನಿಂತಿತು. ಯಾವ ಸಭೆಯಲ್ಲೂ ಕೊನೆಯ ಮಾತನ್ನು ಇನ್ನೊಬ್ಬರಿಗೆ ಬಿಟ್ಟುಕೊಡದ ಮನುಷ್ಯ. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರು ತಲೆ ತಗ್ಗಿಸಿ, ತಾಟಿನಲ್ಲಿದ್ದದ್ದನ್ನೆಲ್ಲ ನಿಧಾನವಾಗಿ ಉಂಡರು. ಕೈ ತೊಳೆದರು. ಬರುತ್ತೇನೆ ಎಂದೂ ಹೇಳದೆ ಚಪ್ಪಲಿ ಮೆಟ್ಟಿ ಹೋದರು.

"ಏನ ಹಾಕಿದ್ದಿ?" ಎಂದು ಅಪ್ಪ ಮೆಲ್ಲಗೆ ಕೇಳಿದ.

"ಉಪ್ಪು, ಖಾರ. ಮತ್ತೇನ್ ಹಾಕ್ಲಿ? ನಾ ಅವರಂಥಾಕಿ ಅಲ್ಲ."

ಮಂಚದ ಮೇಲೆ ಬಿಟ್ಟುಹೋಗಿದ್ದ ಕಣವನ್ನು ಅವ್ವ ಪಕ್ಕದ ಮನೆಯಾಕೆಗೆ ಕೊಟ್ಟಳು.

ಆಮೇಲೆ ಸರ್ ನಮ್ಮ ಮನೆಗೆ ಬರಲಿಲ್ಲ. ನಿವೃತ್ತರಾಗಿ, ಪುಣೆ ಬಿಟ್ಟು ಭೋರ್ ಎಂಬ ಊರಿನಲ್ಲಿ ಕೋಣೆ ಹಿಡಿದರಂತೆ. ಅಲ್ಲಿಯ ಹುಡುಗರಿಗೂ ಚರ್ಚೆ ಕಲಿಸಿದರಂತೆ. ಒಮ್ಮೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ದೂರದಿಂದ ನನ್ನ ಕಪ್ಪು ಕೋಟು ನೋಡಿ ಕೈ ಎತ್ತಿದರು. ನಾನು ಎತ್ತಲಿಲ್ಲ. ಇವತ್ತಾದರೂ ಎತ್ತುತ್ತಿದ್ದೆ ಎಂದು ಬರೆದರೆ ಅದು ಶ್ರದ್ಧಾಂಜಲಿಯಾದೀತು, ನಿಜವಾಗಲಾರದು.

ಸಭೆಯಲ್ಲಿ ಅವರನ್ನು ಹೊಗಳುವವರು, ಅವರು ಎಷ್ಟು ಜನರಿಗೆ ಪ್ರಶ್ನೆ ಕೇಳಲು ಕಲಿಸಿದರು ಎಂದು ಹೇಳಿಯಾರು. ಆ ಪಟ್ಟಿಗೆ ನಮ್ಮ ಅವ್ವನ ಹೆಸರನ್ನೂ ಸೇರಿಸಿಕೊಳ್ಳಲಿ. ಅವಳಿಗೆ ಈಗ ಉಣ್ಣುವ ಮನೆ ಎಂಬುದೇ ಇಲ್ಲ. ಎಲ್ಲಿ ಹೋದರೂ ಕೇಳುತ್ತಾಳೆ. ಸೊಲ್ಲಾಪುರದಲ್ಲಿರುವ ಒಡಹುಟ್ಟಿದ ಅಕ್ಕನ ಮನೆಯಲ್ಲಿ ತಾಟಿನ ಮುಂದೆ ಕುಳಿತು, "ಎಣ್ಣಿ ಯಾವುದು? ತುಪ್ಪ ಎಲ್ಲಿಂದು?" ಎಂದು ಕೇಳಿದಳು. ದೊಡ್ಡವ್ವ ಅತ್ತಳು. ಅವ್ವನೂ ಅತ್ತಳು, ಆದರೆ ಉತ್ತರ ಬರುವ ತನಕ ಉಣ್ಣಲಿಲ್ಲ. ನನಗೆ ಸರ್ ವರ್ಷಗಟ್ಟಲೆ ತಿದ್ದಿ ಕಲಿಸಿದ್ದನ್ನು ಅವಳು ಒಂದೇ ಊಟದಲ್ಲಿ ಕಲಿತಳು. ಅವರ ಪ್ರಯೋಗ ಸೋತಿತು ಎಂದು ನಾನು ವಾದಿಸಲಾರೆ.

ಸುದ್ದಿ ಬಂದ ದಿನ ಫೋನ್ ಇಟ್ಟು ಅವ್ವನಿಗೆ ಹೇಳಿದೆ. ಅವಳು ಸೋಸುತ್ತಿದ್ದ ಮೆಂತ್ಯಪಲ್ಯವನ್ನು ಪಕ್ಕಕ್ಕಿಟ್ಟಳು. "ಕಡೀಕ ಯಾರರ ಹತ್ರ ಇದ್ರಂತೇನು?" ಎಂದಳು. ಗೊತ್ತಿಲ್ಲ ಎಂದೆ. "ಉಣ್ಣಾಕ ಯಾರು ಮಾಡಿ ಹಾಕ್ತಿದ್ರೋ" ಎಂದು ಗೋಡೆಯ ಕಡೆ ನೋಡುತ್ತ ಕುಳಿತಳು. ನಾನು ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟೆ.

ಅವಳು ಬಟ್ಟಲು ಹಿಡಿದು, ಬಾಯಿಗೆ ಒಯ್ಯದೆ, ಅದರೊಳಗೆ ನೋಡಿದಳು.

"ಏನೇನ ಹಾಕೀದಿ ಇದರಾಗ?"

ಹಾಲು, ಸಕ್ಕರೆ, ಚಹಾಪುಡಿ, ಶುಂಠಿ ಎಂದೆ.

"ಮತ್ತ?"

"ಮತ್ತೇನಿಲ್ಲವ್ವ."

ಅವಳು ನನ್ನ ಮುಖ ನೋಡಿದಳು, ಕೋರ್ಟಿನಲ್ಲಿ ನಾನು ಎದುರು ಪಕ್ಷದ ಸಾಕ್ಷಿಯ ಮುಖ ನೋಡುವ ಹಾಗೆ. ಬಲಗೈ ಕರಡಿಗೆಯ ಮೇಲೆ ಹೋಗಲು ತುಸು ತಡವಾಯಿತು.